‘ಬಿಡು’ ಎಂದು ಬರೆದಿದ್ದ ಹನ್ನೊಂದು ಪುಟಗಳು

ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂಬ ವಿಷಯದ ದಪ್ಪ ಪಠ್ಯಪುಸ್ತಕವನ್ನು ನಾನು ಎರಡು ಸಲ ಕೊಂಡಿದ್ದೇನೆ. ಮೊದಲನೆಯದು ಕಾಲೇಜಿನಲ್ಲಿ, ಪರೀಕ್ಷೆಗೆಂದು. ಕೊನೆಯ ಪೇಪರು ಮುಗಿದ ಮಧ್ಯಾಹ್ನವೇ ಅದನ್ನು ಕೆಳಗಿನ ತರಗತಿಯವನೊಬ್ಬನಿಗೆ ದಾಟಿಸಿ, ಗೆಳೆಯರ ಜೊತೆ ಬಂಗುಡೆ ಊಟಕ್ಕೆ ಹೋಗಿದ್ದೆ. ಎರಡನೆಯದು ಕಾರವಾರದ ಒಂದು ರದ್ದಿ ಅಂಗಡಿಯಲ್ಲಿ, ತಕ್ಕಡಿಯಲ್ಲಿ ತೂಗಿಸಿ. ಮೊದಲನೆಯದರಿಂದ ನಾನು ಪಾಸಾದೆ. ಎರಡನೆಯದರಿಂದ ಏನಾಯಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಎರಡು ಸಾವಿರ ಇಸವಿ ಕಳೆದು ಮೂರೋ ನಾಲ್ಕೋ ವರ್ಷ ಆಗಿರಬೇಕು. ನಾನು ಅಂಕೋಲೆಯ ಬೊಬ್ರುವಾಡದ ನಮ್ಮ ಮನೆಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕಾರವಾರಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ಹಳೇ ಕಟ್ಟಡದ ಮಹಡಿಯ ಮೇಲೆ ನಮ್ಮ ಕಚೇರಿ. ಮೂರು ಕಂಪ್ಯೂಟರು, ಒಂದು ಪ್ರಿಂಟರು, ಕರೆಂಟು ಹೋದಾಗ ಕುಂಯ್ ಎಂದು ಅಳುವ ಒಂದು ಯುಪಿಎಸ್ಸು, ನಾನು, ಮತ್ತು ನಮ್ಮ ಸರ್. ಸರ್ ಅಂದರೆ ಮಾಲೀಕರು. ಊರಿನ ಶಾಲೆ, ಅಂಗಡಿ, ದವಾಖಾನೆಗಳಿಗೆ ಬೇಕಾದ ಸಣ್ಣಪುಟ್ಟ ಪ್ರೋಗ್ರಾಮು ಬರೆದುಕೊಡುವುದು ನಮ್ಮ ಉದ್ಯೋಗ. ಮಾತಾಡುವುದು ಅವರು, ಬರೆಯುವುದು ನಾನು. ಗಿರಾಕಿ ಏನು ಹೇಳಿದ ಎಂದು ಸರ್ ಒಂದು ಚೀಟಿಯಲ್ಲಿ ಬರೆದು ತಂದು ನನ್ನ ಕೀಬೋರ್ಡಿನ ಮೇಲೆ ಇಡುತ್ತಿದ್ದರು. ಆ ಚೀಟಿಯೇ ನನಗೆ ವೇದ.

ಆ ವರ್ಷದ ಚೀಟಿ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯದು. ಅಲ್ಲಿಗೆ ಬಂದುಹೋದ ಬಸುರಿ ಬಾಳಂತಿಯರ ವಿವರವೆಲ್ಲ ಇದ್ದದ್ದು ಹಿರಿಯ ನರ್ಸ್ ಬಾಯಿಯವರ ಮೂರು ‘ವಹಿ’ಗಳಲ್ಲಿ. ಬಟ್ಟೆಯ ಬೆನ್ನಿನ ಉದ್ದನೆಯ ನೋಟ್‌ಬುಕ್ಕಿಗೆ ನಮ್ಮ ಕಡೆ ವಹಿ ಎನ್ನುತ್ತಾರೆ, ಗೌರವದ ಹೆಂಗಸರಿಗೆ ಬಾಯಿ ಎನ್ನುತ್ತಾರೆ. ಆಸ್ಪತ್ರೆಯ ಒಡತಿ ಡಾಕ್ಟರ್ ಬಾಯಿಗೆ ಅವೆಲ್ಲ ಕಂಪ್ಯೂಟರಿಗೆ ಹೋಗಬೇಕಿತ್ತು. ಚೀಟಿಯಲ್ಲಿ ಇದ್ದದ್ದು ಇಷ್ಟು: ಹೆಸರು, ಯಜಮಾನರ ಹೆಸರು, ವಯಸ್ಸು, ವಿಳಾಸ, ಹಿಂದಿನ ಹೆರಿಗೆ, ವಿಶೇಷ ಸೂಚನೆ. ನಾನು ಎರಡು ತಿಂಗಳು ಕೂತು ಪ್ರೋಗ್ರಾಮು ಬರೆದೆ. ವಹಿಗಳ ಝೆರಾಕ್ಸು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಟೈಪು ಮಾಡಿ ಒಳಗೆ ತುಂಬಿದೆ. ವಹಿಯಲ್ಲಿ ಒಂದು ಕ್ರಮವೇ ಇರಲಿಲ್ಲ. ತಾರೀಖು ಹಿಂದುಮುಂದು, ಹೆಸರು ಅಕಾರಾದಿ ಅಲ್ಲ, ಒಂದೊಂದು ಪುಟದ ತಲೆಯಲ್ಲಿ ಒಂದೊಂದು ಊರಿನ ಹೆಸರು. ಊರಿನ ಹೆಸರನ್ನು ವಿಳಾಸದ ಕಾಲಮಿಗೆ ಹಾಕಿ, ಉಳಿದದ್ದನ್ನು ಅಕಾರಾದಿಯಾಗಿ ಜೋಡಿಸಿ, ಮನೆ ಗುಡಿಸಿದವನ ಹಾಗೆ ಬೀಗಿದ್ದೆ.

ಬರುವ ಒಂದನೇ ತಾರೀಖಿನಿಂದ ವಹಿ ಕಪಾಟಿಗೆ, ಕಪಾಟಿಗೆ ಕೀಲಿ ಎಂದು ಡಾಕ್ಟರ್ ಬಾಯಿ ತೀರ್ಮಾನಿಸಿದ್ದರು. ಎರಡು ಕಡೆ ಬರೆದರೆ ಎರಡೂ ಕಡೆ ತಪ್ಪಾಗುತ್ತದೆ ಎಂಬುದು ಅವರ ವಾದ, ಸುಳ್ಳಲ್ಲ. ಅದಕ್ಕೆ ಮೊದಲು ‘ಎಲ್ಲವೂ ಸರಿಯಾಗಿ ಸೇರಿದೆ’ ಎಂಬ ಕಾಗದಕ್ಕೆ ನಾನು ಸಹಿ ಹಾಕಬೇಕು.

ಪ್ರೋಗ್ರಾಮು ತೋರಿಸಲು ಹೋದ ದಿನ ನರ್ಸ್ ಬಾಯಿ ದೂರದಲ್ಲೇ ನಿಂತು ನೋಡಿದರು. ಐವತ್ತು ದಾಟಿದ, ಕಾರವಾರದವರೇ ಆದ ಹೆಂಗಸು, ಮನೆಮಾತು ಕೊಂಕಣಿ. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದರು.

“ತಮಾ, ಕೀಲಿ ಹಾಕೂಕೆ ಮುಂಚೆ ಒಂದ್ ಮಾತು ಹೇಳು. ನಾನು ಕೆಂಪು ಶಾಯಿಲಿ ಬರ್ದದ್ದು ನಿನ್ನ ಡಬ್ಬಿಲಿ ಸಿಕ್ತದೆ ಅಲ್ಲಾ?”

ಕೆಂಪು ಶಾಯಿ ಅಂದರೆ ಅಪಾಯ. ಯಾವಳಿಗೆ ಯಾವ ಇಂಜೆಕ್ಷನ್ ಮೈಗೆ ಆಗುವುದಿಲ್ಲ, ಯಾವಳಿಗೆ ಹಿಂದಿನ ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ, ಅಂಥವು.

“ಸಿಗ್ತದೆ ಬಾಯಿ. ಹೆಸರು ಹೊಡೆದ್ರೆ ಸಾಕು, ಕೆಂಪು ಅಕ್ಷರದಲ್ಲೇ ಬರ್ತದೆ.”

“ಹೆಸರು ಹೊಡೆದ್ರೆ,” ಎಂದು ನನ್ನ ಮಾತನ್ನೇ ಇನ್ನೊಮ್ಮೆ ಹೇಳಿ ಅವರು ಒಳಗೆ ಹೋದರು. ಆ ದನಿಯಲ್ಲಿ ಏನೋ ಇತ್ತು. ಆಗ ನನಗೆ ತಿಳಿಯಲಿಲ್ಲ.

ಅದೇ ವಾರ ಕಚೇರಿಯ ಹಳೇ ಪ್ರಿಂಟ್‌ಔಟುಗಳನ್ನು ಹಾಕಲು ರದ್ದಿ ಅಂಗಡಿಗೆ ಹೋಗಿದ್ದೆ. ಅಲ್ಲಿ ಮರಾಠಿ ಪೇಪರುಗಳ ಅಟ್ಟಿಯ ಕೆಳಗಿಂದ ಆ ದಪ್ಪ ಪುಸ್ತಕ ಇಣುಕುತ್ತಿತ್ತು. ರಕ್ಷಾಪುಟ ಹರಿದಿತ್ತು. ನನ್ನದಲ್ಲ, ಆದರೆ ನನ್ನಂಥವನೇ ಒಬ್ಬ ಓದಿದ್ದು. ಪರೀಕ್ಷೆಗೆ ಬರುವ ಕಡೆಯಲ್ಲೆಲ್ಲ ಪೆನ್ಸಿಲಿನ ನಕ್ಷತ್ರಗಳು. ಒಂದು ಕಡೆ ಮಾತ್ರ ಹನ್ನೊಂದು ಪುಟಗಳಿಗೆ ಮೂಲೆಯಿಂದ ಮೂಲೆಗೆ ಗೀಟು ಎಳೆದು, ಮೊದಲ ಪುಟದ ನೆತ್ತಿಯ ಮೇಲೆ ದಪ್ಪಗೆ ‘ಬಿಡು’ ಎಂದು ಕನ್ನಡದಲ್ಲಿ ಬರೆದಿದ್ದ.

ಯಾರಾದರೂ ‘ಇದನ್ನು ನೋಡಬೇಡ’ ಎಂದರೆ ಮೊದಲು ಅದನ್ನೇ ನೋಡುವ ಜಾತಿ ನನ್ನದು. ನನ್ನ ಅಜ್ಜನೂ ಹೀಗೆಯೇ ಇದ್ದರು. ಅವರೇ ನನಗೆ ಮಾತು ಕಲಿಸಿದವರು. ಗದ್ದೆಗೆ ಹೋಗುವಾಗ ಹೆಗಲ ಮೇಲೆ ಕೂರಿಸಿಕೊಂಡು ಗಾದೆ ಹೇಳುತ್ತಿದ್ದರು, ನಾನು ಅದರ ಮೇಲೆ ಪ್ರಶ್ನೆ ಕೇಳುತ್ತಿದ್ದೆ. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂದಾಗ, “ಹಾಗಾದರೆ ಆ ಒಕ್ಕಾಲು ಎಂತಕೆ ಅಜ್ಜಾ?” ಎಂದು ಕೇಳಿದ್ದೆ. “ಅದನ್ನ ನೀನೇ ಹುಡ್ಕು, ಹುಡ್ಕಿದ ಮೇಲೆ ನಂಗೂ ಹೇಳು” ಎಂದಿದ್ದರು. ಹೇಳುವ ಮೊದಲೇ ಅವರು ಹೋಗಿಬಿಟ್ಟರು. ಪ್ರಶ್ನೆ ಮಾತ್ರ ಉಳಿದಿತ್ತು. ರದ್ದಿಯವನು ಪುಸ್ತಕ ತೂಗಿದ, ನಾನು ಬಗಲಿಗಿಟ್ಟುಕೊಂಡು ಬಂದೆ.

ಕಾರವಾರದಿಂದ ಅಂಕೋಲೆಗೆ ಬಸ್ಸಿನಲ್ಲಿ ಒಂದು ತಾಸು. ಬಿಣಗಾ ದಾಟುವಷ್ಟರಲ್ಲಿ ಗೀಟು ಎಳೆದ ಮೊದಲ ಪುಟ ಮುಗಿದಿತ್ತು. ಅಮದಳ್ಳಿಯ ಹತ್ತಿರ ಬಸ್ಸು ನಿಂತಾಗ ತಲೆಯೆತ್ತಿದೆ. ಏನು ವಿಚಿತ್ರ ನೋಡಿ: ಇದೇ ಅಧ್ಯಾಯದ ಮೇಲೆ ನಾನು ಪರೀಕ್ಷೆಯಲ್ಲಿ ಉತ್ತರ ಬರೆದು ಒಳ್ಳೇ ಅಂಕ ತೆಗೆದವನು. ಆದರೂ ಒಂದು ಸಾಲೂ ಮೊದಲು ಕಂಡ ಹಾಗೆ ಅನ್ನಿಸಲಿಲ್ಲ. ಆ ಪುಟಗಳು ಹೇಳುತ್ತಿದ್ದದ್ದು ಬಹಳ ಸಾದಾ ಮಾತು. ಕೆಲಸ ಮಾಡುವವರನ್ನು ‘ನಿಮಗೇನು ಬೇಕು’ ಎಂದು ಕೇಳಿದರೆ ಅವರು ಅರ್ಧವನ್ನಷ್ಟೇ ಹೇಳುತ್ತಾರೆ, ಉಳಿದದ್ದು ಅವರ ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಕೆಲಸ ಮಾಡಿಸಲು ಕೇಳಿದವರೇ ಬೇರೆ, ದಿನಾ ಅದನ್ನು ಬಳಸುವವರೇ ಬೇರೆ. ಆದ್ದರಿಂದ ಬಳಸುವವರ ಪಕ್ಕದಲ್ಲಿ ಹೋಗಿ ಕೂರು, ಸುಮ್ಮನೆ ನೋಡು. ಜೊತೆಗೆ ಯಾವುದೋ ದೂರದೇಶದ ಉಗ್ರಾಣದ ಉದಾಹರಣೆ. ನಾನು ಆ ಉಗ್ರಾಣವನ್ನು ಓದುತ್ತಿದ್ದರೂ ಕಣ್ಣಿಗೆ ಬರುತ್ತಿದ್ದದ್ದು ನರ್ಸ್ ಬಾಯಿ. ‘ಹೆಸರು ಹೊಡೆದ್ರೆ’ ಎಂದ ಆ ದನಿ.

ಕಾಲೇಜಿನಲ್ಲಿ ಓದುವಾಗ ಪಕ್ಕದಲ್ಲಿ ಕೂರುವುದಕ್ಕೆ ನನಗೆ ಯಾರೂ ಇರಲಿಲ್ಲ, ಅಷ್ಟೇ. ಹಸಿವಿಲ್ಲದವನ ಮುಂದೆ ಇಟ್ಟ ಅನ್ನ ಅದು.

ಮರುದಿನ ಸರ್‌ಗೆ ಹೇಳಿದೆ. “ಸರ್, ಎರಡು ದಿನ ಆಸ್ಪತ್ರೆಯಲ್ಲಿ ನರ್ಸ್ ಬಾಯಿ ಪಕ್ಕ ಕೂತು ನೋಡ್ತೆ.”

“ಎಂತ ನೋಡ್ತೆ?”

“ಅವರು ಕೆಲಸ ಹೇಗೆ ಮಾಡ್ತಾರೆ ಹೇಳಿ.”

ಸರ್ ನನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡಿದರು. “ಓದಿ ಓದಿ ಮರುಳಾದ್ರು ಅನ್ನೂದು ಕೇಳಿದ್ದೆ ಮಾರಾಯಾ, ಕಣ್ಣಾರೆ ಈಗ ಕಂಡೆ. ಪರೀಕ್ಷೆ ಮುಗಿದ ಮೇಲೂ ಪಠ್ಯಪುಸ್ತಕ ಓದೂ ಮನುಷ್ಯ ನೀನೊಬ್ನೇ. ಪ್ರೋಗ್ರಾಮು ಮುಗದದೆ, ಗಿರಾಕಿ ಒಪ್ಪಿದಾರೆ. ಇನ್ನೆಂತ ನೋಡೂದು?” ಆಮೇಲೆ ಏನನ್ನಿಸಿತೋ, “ಎರಡೇ ದಿನ. ಬುಧವಾರ ಸಹಿ ಹಾಕಿ ಕೊಡ್ಬೇಕು” ಎಂದರು.

ಹೀಗೆ ಸೋಮವಾರ ಬೆಳಿಗ್ಗೆ ಹೆರಿಗೆ ಆಸ್ಪತ್ರೆಯ ಹೊರಕೋಣೆಯಲ್ಲಿ, ಬಸುರಿಯರ ಸಾಲಿನ ಎದುರು, ಒಂದು ಸ್ಟೂಲಿನ ಮೇಲೆ ಮದುವೆಯಾಗದ ಇಪ್ಪತ್ನಾಲ್ಕರ ಗಂಡಸು ಕೂತ. ನರ್ಸ್ ಬಾಯಿ ನಕ್ಕರು. “ನನ್ನ ಮುಖ ನೋಡೂಕೆ ಬಂದ್ಯಾ ತಮಾ? ಇಪ್ಪತ್ತು ವರ್ಷ ಮೊದಲು ಬಂದಿದ್ರೆ ನೋಡೂ ಹಾಗಿತ್ತು.” ಸಾಲಿನಲ್ಲಿದ್ದವರೆಲ್ಲ ನಕ್ಕರು. ಬೆವರು ಒರೆಸಿಕೊಂಡು ನಾನೂ ನಕ್ಕೆ.

ನೋಡುತ್ತ ಕೂತೆ. ಮೊದಲ ತಾಸಿನಲ್ಲಿ ನನಗೆ ಕಂಡದ್ದು ಒಂದೇ: ಬಾಯಿ ಬಹಳ ಸುದ್ದಿ ಹೇಳುತ್ತಾರೆ, ಕೇಳುತ್ತಾರೆ. ಯಾವಳು ಬಂದರೂ ಮೊದಲ ಮಾತು “ತವರು ಯಾವೂರು?” ಆಮೇಲೆ “ಅವ್ವಿ ಹುಷಾರಿದ್ದಾಳಾ?” ಹಾಗೆ ಕೇಳುತ್ತ ಕೇಳುತ್ತಲೇ ವಹಿಯ ಪುಟ ತಿರುವುತ್ತಿದ್ದರು. ಈ ಸುದ್ದಿ ಮುಗಿಸಿ ಇವರು ಹೆಸರು ಕೇಳುವುದು ಯಾವಾಗ ಎಂದು ನಾನು ಕಾಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಕಾಗದದ ಮೇಲೆ ‘ತವರೂರಿನ ಸುದ್ದಿ: ಸಮಯ ವ್ಯರ್ಥ’ ಎಂದು ಬರೆದುಕೊಂಡಿದ್ದೆ. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ. ಅಹಂಕಾರ ಹತ್ತಿದಾಗ ತೆಗೆದು ಓದುತ್ತೇನೆ.

ಮಂಗಳವಾರ ಕಂಪ್ಯೂಟರನ್ನು ನರ್ಸ್ ಬಾಯಿಯ ಮೇಜಿನ ಪಕ್ಕಕ್ಕೇ ಎಳೆದುಕೊಂಡು ಕೂತೆ. ಅವರು ವಹಿ ನೋಡಲಿ, ನಾನು ಇಲ್ಲಿ ನೋಡುತ್ತೇನೆ, ಯಾರು ಬೇಗ ನೋಡೋಣ ಎಂಬ ಹುಮ್ಮಸ್ಸು. ನಾಲ್ಕು ಮಂದಿಯವರೆಗೆ ನಾನೇ ಬೇಗ. ಐದನೆಯವಳು ಚಿತ್ತಾಕುಲದಿಂದ ಅತ್ತೆಯ ಜೊತೆ ಬಂದಿದ್ದಳು. ಐದು ತಿಂಗಳು ತುಂಬಿತ್ತು. ಕೇಳಿದ್ದಕ್ಕೆಲ್ಲ ಉತ್ತರ ಅತ್ತೆಯದೇ.

“ಚೊಚ್ಚಲ ತವರಲ್ಲಾಯ್ತು ಬಾಯಿ. ಇದು ಎರಡನೇದು, ನಮ್ಮಲ್ಲೇ ಮಾಡೂದು.” ಸೊಸೆಯ ಹೆಸರನ್ನೂ ಮಗನ ಹೆಸರನ್ನೂ ಅವರೇ ಹೇಳಿದರು. ನಾನು ಹೊಡೆದೆ. ಪರದೆಯ ಮೇಲೆ ‘ದಾಖಲೆ ಇಲ್ಲ. ಹೊಸದಾಗಿ ಸೇರಿಸಬೇಕೇ?’ ಎಂದು ಬಂತು.

“ಹೊಸಬರು ಬಾಯಿ,” ಎಂದೆ.

ಸೊಸೆ ಮೊದಲ ಸಲ ಬಾಯಿ ತೆರೆದಳು. “ನಂದು ಮೊದಲಿಂದೂ ಇಲ್ಲೇ ಆದದ್ದು.”

ನಾನು ಮತ್ತೆ ಹೊಡೆದೆ. ಇಲ್ಲ. ಅಕ್ಷರ ತಪ್ಪಿರಬಹುದು ಎಂದು ಬೇರೆ ಬೇರೆ ಥರ ಹೊಡೆದೆ. ಇಲ್ಲ. ನರ್ಸ್ ಬಾಯಿ ನನ್ನ ಕಡೆ ನೋಡಲೇ ಇಲ್ಲ.

“ತವರು ಯಾವೂರು ಮಗಾ?”

“ಹಿಲ್ಲೂರು.”

ವಹಿಯ ಪುಟ ಹಿಲ್ಲೂರಿಗೆ ಹೊರಳಿತು. ಪುಟದ ತಲೆಯಲ್ಲಿ ಇದ್ದ ಊರು! ವಿಳಾಸವೆಂದು ನಾನು ತಿಳಿದದ್ದು.

“ಅವ್ವಿ ಎಂತ ಹೇಳಿ ಕರೀತಾಳೆ ನಿನ್ನ?”

ಅವಳು ಅತ್ತೆಯ ಕಡೆ ಒಮ್ಮೆ ನೋಡಿ, ನಾಚಿಕೊಂಡು, ಬೇರೆಯೇ ಒಂದು ಹೆಸರು ಹೇಳಿದಳು. ಮದುವೆಯ ದಿನದವರೆಗೆ ಅವಳದಾಗಿದ್ದ ಹೆಸರು. ಅತ್ತೆ, “ಅಯ್ಯ, ಈ ಹೆಸ್ರು ನಂಗೆ ಮರ್ತೇ ಹೋಗಿತ್ತು! ಚೆಂದ ಅದ್ಯಲೇ!” ಎಂದು ನಕ್ಕರು. ನರ್ಸ್ ಬಾಯಿ ನಗಲಿಲ್ಲ. ಅವರ ಬೆರಳು ಪುಟದ ಮೇಲೆ ಜಾರಿ ಒಂದು ಸಾಲಿನ ಕೆಳಗೆ ನಿಂತಿತು. ಆ ಹೆಸರು, ಅವಳ ತಾಯಿ ತಂದೆಯರ ಹೆಸರು, ಮುಂದೆ ಕೆಂಪು ಶಾಯಿ. ಮೊದಲ ಹೆರಿಗೆಯ ಮಾರನೇ ದಿನ ಕೊಟ್ಟ ಒಂದು ಇಂಜೆಕ್ಷನ್ನಿಗೆ ಅವಳ ಮುಖ ಬಾತು, ಉಸಿರು ಕಟ್ಟಿ, ಜೀವ ಹೋಗಿ ಬಂದಿತ್ತು. ‘ಇನ್ನೆಂದೂ ಕೊಡಬಾರದು’ ಎಂದು ಕೆಳಗೆ ಎರಡು ಗೆರೆ.

ಮೊದಲ ಸಲ ಅವಳನ್ನು ಕರೆತಂದದ್ದು ಅವಳ ತಾಯಿ. ತಾಯಿ ತನ್ನ ಮಗಳ ಹೆಸರು ಹೇಳಿದಳು. ಈಗ ಕರೆತಂದದ್ದು ಅತ್ತೆ. ಅತ್ತೆ ತನ್ನ ಸೊಸೆಯ ಹೆಸರು ಹೇಳಿದರು. ಇಬ್ಬರೂ ನಿಜವನ್ನೇ ಹೇಳಿದ್ದರು.

“ಇದು ನಿನ್ನ ಡಬ್ಬಿಗೆ ಗೊತ್ತದ್ಯಾ ತಮಾ?” ನರ್ಸ್ ಬಾಯಿಯ ದನಿ ತಗ್ಗಿತ್ತು.

“ಗೊತ್ತದೆ ಬಾಯಿ. ನಾನೇ ಟೈಪು ಮಾಡಿದ್ದು. ಆದ್ರೆ ಅವಳೇ ಇವಳು ಹೇಳಿ ಗೊತ್ತಿಲ್ಲ.”

ಆ ಸಂಜೆ ಬಸ್ಸಿನಲ್ಲಿ ಪುಸ್ತಕ ತೆರೆಯಲಿಲ್ಲ. ವಹಿಗೆ ಕ್ರಮವಿಲ್ಲ ಎಂದುಕೊಂಡಿದ್ದೆನಲ್ಲ! ಹೆಸರು ಬದಲಾಗುತ್ತದೆ, ಅಡ್ಡಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ. ಒಬ್ಬ ಹೆಂಗಸಿನ ಬದುಕಿನಲ್ಲಿ ಬದಲಾಗದೆ ಉಳಿಯುವುದು ಅವಳ ತವರು ಮತ್ತು ಅವಳ ತಾಯಿ. ನರ್ಸ್ ಬಾಯಿ ತಮ್ಮ ಮೂರೂ ವಹಿಗಳನ್ನು ಆ ಎರಡರ ಮೇಲೆ ನಿಲ್ಲಿಸಿದ್ದರು. ನಾನು ಬದಲಾಗುವುದನ್ನೆಲ್ಲ ಹುಡುಕಿ ಹುಡುಕಿ ಅದರ ಮೇಲೆ ಕಟ್ಟಿದ್ದೆ.

ಮನೆಗೆ ಬಂದೆ. ಅವ್ವಿ ಹಿತ್ತಲಲ್ಲಿ ಮೀನು ಹೆಚ್ಚುತ್ತಿದ್ದಳು.

“ಅವ್ವಿ, ನಿನ್ನ ಹೆಸರೆಂತದು?”

ಅವಳು ಕತ್ತಿ ನಿಲ್ಲಿಸಿ ಮೇಲೆ ನೋಡಿದಳು. “ತಲೆಗೆ ಬಿಸಿಲು ಹೊಡೀತಾ? ಯಾರ ಮನೆ ಹೆಸ್ರು ಬೇಕು ನಿಂಗೆ? ನಿಮ್ಮಪ್ಪನ ಮನೇದಾ, ನಮ್ಮಪ್ಪನ ಮನೇದಾ?”

“ಎರಡೂ.”

“ಒಂದು ನನ್ನವ್ವಿ ಕರೆಯೂದು. ಇನ್ನೊಂದು ಧಾರೆ ಆದ ಮೇಲೆ ಹರಿವಾಣದ ಅಕ್ಕಿಲಿ ಉಂಗುರದಿಂದ ಬರ್ದು ಇಟ್ಟದ್ದು. ನೀನೇ ಸೋದರಮಾವನ ಮನೇಲಿ ಒಂದು ಕೇಳ್ತೆ, ಇಲ್ಲೊಂದು ಕೇಳ್ತೆ. ಇಪ್ಪತ್ನಾಲ್ಕು ವರ್ಷ ಕಿವಿಗೆ ಎಂತ ತುಂಬ್ಕೊಂಡಿದ್ದೆ, ಹತ್ತಿಯಾ?”

ಹೌದಲ್ಲ. ಎರಡು ಹೆಸರನ್ನೂ ಕೇಳುತ್ತಲೇ ಬೆಳೆದವನು ನಾನು. ನಮ್ಮ ಅಡುಗೆಮನೆಯಲ್ಲಿದ್ದದ್ದನ್ನು ನೋಡಲು ನನಗೆ ಯಾವುದೋ ದೇಶದವರು ಬರೆದ ಪುಸ್ತಕ ಏಕೆ ಬೇಕಾಯಿತು? ಇದನ್ನು ಎಷ್ಟು ವರ್ಷ ಯೋಚಿಸಿದರೂ ನನಗೆ ಆಶ್ಚರ್ಯ ಹೋಗುವುದಿಲ್ಲ. ಪುಸ್ತಕಕ್ಕೆ ನಮ್ಮ ಹರಿವಾಣದ ಅಕ್ಕಿ ಗೊತ್ತಿಲ್ಲ, ಹಿಲ್ಲೂರೂ ಗೊತ್ತಿಲ್ಲ. ಅದು ಮಾಡಿದ್ದು ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದ್ದಷ್ಟೇ. ಅಜ್ಜ ಇದ್ದಿದ್ದರೆ, ಒಕ್ಕಾಲು ಎಂದರೆ ಆ ಸ್ಟೂಲು ಅಜ್ಜಾ ಎಂದು ಹೇಳುತ್ತಿದ್ದೆನೇನೋ. ಅವರು ಒಪ್ಪುತ್ತಿದ್ದರೋ ಇಲ್ಲವೋ.

ಬುಧವಾರ ಡಾಕ್ಟರ್ ಬಾಯಿಯ ಕೋಣೆಗೆ ಸರ್ ಕಾಗದ ಹಿಡಿದುಕೊಂಡು ಬಂದಿದ್ದರು, ಸಹಿಯ ಜಾಗ ಖಾಲಿ ಬಿಟ್ಟು. ಕೆಲಸ ಹೋದರೆ ಬೊಬ್ರುವಾಡದಲ್ಲಿ ಶೇಂಗಾ ಗದ್ದೆ ಇದ್ದೇ ಇದೆ ಎಂದು ಮನಸ್ಸಿಗೆ ಹೇಳಿಕೊಂಡು, “ಸಹಿ ಹಾಕೂಕೆ ಆಗೂದಿಲ್ಲ. ಪ್ರೋಗ್ರಾಮಲ್ಲಿ ತಪ್ಪು ಅದೆ” ಎಂದೆ. ಸರ್ ಕಾಲಿನಿಂದ ನನ್ನ ಕಾಲು ಒತ್ತಿದರು. ನಾನು ಚಿತ್ತಾಕುಲದವಳ ಕತೆ ಪೂರ್ತಿ ಹೇಳಿದೆ. ಈಗ ವಹಿಗೆ ಕೀಲಿ ಹಾಕಿದರೆ ಅವಳ ಕೆಂಪು ಸಾಲೂ ಒಳಗೇ ಹೋಗುತ್ತದೆ ಎಂದೆ.

ಡಾಕ್ಟರ್ ಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಗುಳಕ್ಕೆ ನಾನು ತಯಾರಾದೆ.

“ನನ್ನ ಡಿಗ್ರಿ ಸರ್ಟಿಫಿಕೇಟಲ್ಲಿ ಒಂದು ಹೆಸರಿದೆ, ಹೊರಗಿನ ಬೋರ್ಡಲ್ಲಿ ಇನ್ನೊಂದು,” ಎಂದರು. “ಪ್ರತಿ ಸಲ ಎರಡೂ ನಾನೇ ಎಂದು ಅಫಿಡವಿಟ್ ಮಾಡಿಸಿ ಸಾಕಾಗಿದೆ. ನನಗೂ ಹೊಳೀಲಿಲ್ಲ ನೋಡಿ! ಎಷ್ಟು ದಿನ ಬೇಕು?”

“ಮೂರು ವಾರ.”

“ಅಲ್ಲಿವರೆಗೆ ವಹಿ ಹೊರಗಿರಲಿ.”

ಕಚೇರಿಗೆ ಬಂದ ಮೇಲೆ ಸರ್, “ಆ ಪುಸ್ತಕ ಕೊಡು ಇಲ್ಲಿ” ಎಂದರು. ಓದುತ್ತಾರೆ ಎಂದುಕೊಂಡೆ. ತಮ್ಮ ಮಾನಿಟರು ತಗ್ಗಾಗಿದೆ ಎಂದು ಅದರ ಕೆಳಗೆ ಇಟ್ಟುಕೊಂಡರು. ಬೇಕಾದಾಗಲೆಲ್ಲ ನಾನು ಮಾನಿಟರನ್ನು ಎತ್ತಿ ಪುಸ್ತಕ ಎಳೆದುಕೊಳ್ಳಬೇಕಿತ್ತು. ಆದರೆ ಮುಂದಿನ ಗಿರಾಕಿಯ ಚೀಟಿ ತಂದಾಗ, ಕೀಬೋರ್ಡಿನ ಮೇಲೆ ಇಡುವ ಮೊದಲು, “ನೀನೂ ಒಮ್ಮೆ ಹೋಗಿ ಕೂತು ಬಾ” ಎಂದರು.

ಮೂರು ವಾರ ನರ್ಸ್ ಬಾಯಿಯೂ ನಾನೂ ಮಧ್ಯಾಹ್ನದ ಬಿಡುವಿನಲ್ಲಿ ವಹಿಯ ಒಂದೊಂದೇ ಸಾಲನ್ನು ಮತ್ತೆ ನೋಡಿದೆವು. ತವರೂರಿಗೆ ಒಂದು ಕಾಲಂ, ತಾಯಿಯ ಹೆಸರಿಗೆ ಒಂದು ಕಾಲಂ, ಹೆಸರಿಗೆ ಎರಡು. ಪ್ರೋಗ್ರಾಮನ್ನು ಬರೆದವನೇ ಪರೀಕ್ಷಿಸಬಾರದು, ಅದನ್ನು ಕೆಡಿಸಲು ಆಸೆಯಿರುವವರ ಕೈಗೆ ಕೊಡಬೇಕು ಎಂದು ಪುಸ್ತಕದ ಇನ್ನೊಂದು ಕಡೆ ಇತ್ತು. ಅದಕ್ಕೆ ನರ್ಸ್ ಬಾಯಿಗಿಂತ ಯೋಗ್ಯರು ಯಾರಿದ್ದರು? ಒಂದೇ ಊರಿನ, ಒಂದೇ ಹೆಸರಿನ ತಾಯಂದಿರ ಮಕ್ಕಳಿಬ್ಬರನ್ನು ಹುಡುಕಿ ತಂದು, “ಈಗ ಹೇಳೂಕೆ ಹೇಳು ನಿನ್ನ ಡಬ್ಬಿಗೆ” ಎಂದು ಕೈಕಟ್ಟಿ ಕೂತರು. ಅದಕ್ಕೆ ಮನೆಯ ಹೆಸರೂ ಸೇರಬೇಕಾಯಿತು.

ಒಂದು ದಿನ ನರ್ಸ್ ಬಾಯಿ ನನ್ನ ಚೀಲದಿಂದ ಪುಸ್ತಕ ತೆಗೆದು ಎರಡೂ ಕೈಯಲ್ಲಿ ತೂಕ ನೋಡಿದರು.

“ತವರು ಕೇಳು ಹೇಳಿ ಇದ್ರಲ್ಲಿ ಎಲ್ಲಿ ಬರ್ದದೆ ತಮಾ?”

“ಎಲ್ಲೂ ಇಲ್ಲ ಬಾಯಿ.”

“ಮತ್ತೆ ಎಂತ ಬರ್ದದೆ?”

“ನಿಮ್ಮ ಪಕ್ಕ ಹೋಗಿ ಕೂರು ಹೇಳಿ ಬರ್ದದೆ.”

“ಅಷ್ಟು ಹೇಳೂಕೆ ಇಷ್ಟು ದಪ್ಪ ಪುಸ್ತಕವಾ!” ಎಂದು ಅದನ್ನು ಮೇಜಿನ ಮೇಲೆ ಇಟ್ಟರು.

ಮೂರು ವಾರದ ನಂತರ ನಾನು ಸಹಿ ಹಾಕಿದೆ. ಆದರೂ ವಹಿಗೆ ಕೀಲಿ ಬೀಳಲಿಲ್ಲ. “ಆ ಚಿತ್ತಾಕುಲದವಳದೊಂದು ಹೆರಿಗೆ ಆಗೋಗ್ಲಿ” ಎಂದು ನರ್ಸ್ ಬಾಯಿ ಹಟ ಹಿಡಿದರು. ಡಾಕ್ಟರ್ ಬಾಯಿಯೂ ಒತ್ತಾಯಿಸಲಿಲ್ಲ.

ಮಳೆ ಹಿಂದಾದ ಮೇಲೆ ಒಂದು ಬೆಳಿಗ್ಗೆ ಕಚೇರಿಯ ಫೋನು ಹೊಡೆದುಕೊಂಡಿತು. ಸರ್ ಎತ್ತಿ, “ನಿಂಗೆ, ನಿನ್ನ ಬಾಯಿ” ಎಂದು ಕೊಟ್ಟರು.

“ತಮಾ, ಚಿತ್ತಾಕುಲದವಳು ಹಡೆದಳು. ಹೆಣ್ಣು. ಇಬ್ರೂ ಹುಷಾರು.”

“ಇಂಜೆಕ್ಷನ್?”

“ಅದೇ ಹೇಳೂಕೆ ಫೋನು ಮಾಡಿದ್ದು. ನಾನು ಇರ್ಲೇ ಇಲ್ಲ ತಮಾ. ತಂಗಿ ಮಗಳ ಮದುವೆಗೆ ಗೋವಾಕ್ಕೆ ಹೋಗಿದ್ದೆ, ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ಹೆರಿಗೆ ಆಯ್ತು. ವಹಿ ಬೇರೆ ನನ್ನ ಮೇಜಿನ ಖಾನೆಲಿ, ಯಾರಿಗೂ ಗೊತ್ತಿಲ್ಲ. ಹೊಸ ನರ್ಸು ಇದ್ದಳು. ತವರು ಕೇಳಿದಳಂತೆ, ಅವ್ವಿ ಹೆಸ್ರು ಕೇಳಿದಳಂತೆ. ಹೊಡೆದ ಕೂಡ್ಲೇ ಕೆಂಪಗೆ ಬಂತಂತೆ. ಡಾಕ್ಟರ್ ಬಾಯಿ ಬೇರೆದು ಕೊಟ್ರು.”

ಆ ಕಡೆ ಕಾಗದ ತಿರುವುವ ಸದ್ದು ಕೇಳಿತು.

“ಈಗ ವಹಿ ತೆಗೆದು ನೋಡ್ದೆ. ನಿನ್ನ ಡಬ್ಬಿದೂ ಇದೂ ಒಂದೇ ಅದೆ,” ಎಂದರು. ಆಮೇಲೆ, “ಡಾಕ್ಟರ್ ಬಾಯಿಗೆ ಹೇಳ್ತೆ, ಇವತ್ತು ಕೀಲಿ ಹಾಕ್ಲಿ.”